ಮಗುವಿನ ಬಾಯಿ

ಜೊಂಬಾ
ಜೂನ್ 14, ಶುಕ್ರವಾರ

ಪ್ರೀತಿಯ ಫಲೆಸಿ,

ಮೊದಲು ನೀನು ಹೇಗಿದ್ದೀಯ ಹೇಳು, ಮಗುವಿನ ಸುದ್ದಿ ಆಮೇಲೆ. ಹೆರಿಗೆಯಾದ ಮನೆಗೆ ಬಂದವರೆಲ್ಲ ಮಗುವನ್ನೇ ಕೇಳುತ್ತಾರೆ, ಹೆತ್ತವಳನ್ನು ಕೇಳುವವರು ಯಾರೂ ಇರುವುದಿಲ್ಲ. ಸೊಂಟದ ನೋವು ಕಡಿಮೆಯಾಯಿತೆ? ಹಾಲು ಸಾಕಾಗುವಷ್ಟು ಬರುತ್ತಿದೆಯೆ? ಕಡಲೆಕಾಯಿ ಹುಡಿ ಹಾಕಿದ ಗಂಜಿ ನೀನು ಕುಡಿಯುತ್ತಿದ್ದೀಯೋ, ಇಲ್ಲಾ ವೈಸನ್‌ನ ಅಕ್ಕಂದಿರು ಬಾಣಂತಿ ನೋಡುವ ನೆಪದಲ್ಲಿ ಬಂದು ತಾವೇ ಕುಡಿದು ಹೋಗುತ್ತಿದ್ದಾರೋ?

ಉತ್ತರ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆದು ಹರಿದೆ, ಮತ್ತೆ ಬರೆದು ಮತ್ತೆ ಹರಿದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಫೋನು ಇರುವುದು ನಿನ್ನ ಗಂಡ ವೈಸನ್‌ನ ಅಂಗಿ ಜೇಬಿನಲ್ಲಿ. ಅವನು ನಿಮ್ಮ ಪ್ರಾರ್ಥನೆಯ ಗುಡಾರದಲ್ಲಿ ಸಾಲು ಕಾಯುವ ಸೇವಕ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನಿಮ್ಮ ಪ್ರವಾದಿ ಪಪ್ಪಾನ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಕಾಗದವನ್ನು ಸೋದರಮಾವನ ಮಗ ಉಲೇಮು ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಈಗ ಒಣಮೀನು ತುಂಬಿಕೊಂಡು ಲಿಲೊಂಗ್ವೆಗೆ ಓಡಾಡುತ್ತಾನೆ, ಆದ್ದರಿಂದ ಕಾಗದ ಸ್ವಲ್ಪ ನಾರುತ್ತಿದ್ದರೆ ಸಹಿಸಿಕೋ. "ಅಕ್ಕಾ, ಇದ್ರಲ್ಲಿ ದುಡ್ಡೇನಾದ್ರೂ ಇದೆಯಾ?" ಎಂದು ಕೇಳಿದ. "ಇದ್ದಿದ್ರೆ ನಿನ್ನ ಕೈಲಿ ಕೊಡ್ತಿದ್ನಾ?" ಎಂದೆ. ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸಿದ್ದೇನೆ.

ಇಲ್ಲಿ ಚಿಪೆರೋನಿ ಚಳಿ ಶುರುವಾಗಿದೆ. ಬೆಳಿಗ್ಗೆಯಿಂದ ತುಂತುರು, ಮಂಜು, ಬೆಟ್ಟ ಕಾಣುವುದೇ ಇಲ್ಲ. ಹಳೇ ಬಟ್ಟೆ ಮಾರುವವರಿಗೆ ಇದೇ ಸುಗ್ಗಿ. ಸ್ವೆಟರು ಇರುತ್ತದೆಂದು ನಂಬಿ ಒಂದು ದೊಡ್ಡ ಮೂಟೆ ತಂದೆ. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಈಜುಡುಗೆ. ನಾಫಿರಿ ಅಜ್ಜಿ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡೋರು ಮುಳುಗೇ ಹೋಗಿರ್ಬೇಕು, ಅದಕ್ಕೇ ಇಷ್ಟು ಅಗ್ಗಕ್ಕೆ ಬಂದಿದೆ" ಎಂದಳು. ಅಜ್ಜಿಗೆ ಮಂಡಿ ನೋವು ಹೆಚ್ಚಾಗಿದೆ. ನಾಲಿಗೆಗೆ ಏನೂ ಆಗಿಲ್ಲ. ಅಮ್ಮನ ಚಿಕ್ಕಮ್ಮನೆಂದು ನಮಗೆ ಉಳಿದಿರುವವಳು ಇವಳೊಬ್ಬಳೇ, ಅವಳ ಮನೆಯಲ್ಲೇ ನಾನು ಇರುವುದು. ನಿನ್ನ ಮಗಳಿಗೆ ಅವಳು ಒಂದು ಟೋಪಿ ಹೆಣೆಯುತ್ತಿದ್ದಾಳೆ. ಅದು ಟೋಪಿಯೋ ಚಹಾ ಕೆಟಲಿನ ಹೊದಿಕೆಯೋ ಇನ್ನೂ ಗೊತ್ತಾಗುತ್ತಿಲ್ಲ.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ.

ತಿಂಗಳ ಕೊನೆಯ ಭಾನುವಾರ ಪಪ್ಪಾ ತಾನೇ ಬ್ಲಾಂಟೈರಿನಿಂದ ನಿಮ್ಮ ಗುಡಾರಕ್ಕೆ ಬಂದು ನಿನ್ನ ಮಗಳ ಮೇಲೆ ಭವಿಷ್ಯದ ಮಾತು ನುಡಿಯುತ್ತಾನೆ. ಹಸುಗೂಸು ಉತ್ತರ ಕೊಡಲಾರದು. ಆದ್ದರಿಂದ ತಾಯಿಯ ಕಡೆಯ ಹಿರಿಯವಳೊಬ್ಬಳು ಅದನ್ನು ಎತ್ತಿಕೊಂಡು ವೇದಿಕೆ ಹತ್ತಿ, ಅದರ ಪರವಾಗಿ ಉತ್ತರ ಹೇಳಬೇಕು. ಮಗುವಿನ ಬಾಯಿ ಆಗಬೇಕು. "ಅಕ್ಕಾ, ನಿನ್ನ ಬಿಟ್ರೆ ನನಗೆ ಇನ್ಯಾರಿದಾರೆ" ಎಂದು ಬರೆದಿದ್ದೀಯ. ಆ ಸಾಲನ್ನು ತುಂಬ ಸಲ ಓದಿದೆ. ಅದರ ಕೆಳಗೆ, ಮಯಾಮಿಕೊ ಹೋದದ್ದಕ್ಕೆ ಅಕ್ಕನಿಗೆ ದೇವರ ಮೇಲೆ ಸಿಟ್ಟು ಎಂದು ಜನ ಆಡಿಕೊಳ್ಳುತ್ತಾರೆಂದೂ ಬರೆದಿದ್ದೀಯ. ನನ್ನ ಮಗ ಜ್ವರದಲ್ಲಿ ಹೋದ, ಅದು ನಿನಗೆ ಗೊತ್ತು. ಅದರ ಮಾತು ಇಲ್ಲಿ ಬೇಡ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಮಾತುಕತೆ ಕಡಿಮೆಯಾಗಿದೆ ಅಷ್ಟೆ, ಒಂದೇ ಮನೆಯಲ್ಲಿ ಬಹಳ ವರ್ಷ ಕಳೆದ ಗಂಡ ಹೆಂಡತಿಯ ಹಾಗೆ.

ಆದರೆ ಫಲೆಸಿ, ನಾನು ಬರುವುದಿಲ್ಲ. ನಿನ್ನ ಮಗುವಿನ ಬಾಯಿ ಆಗುವುದಿಲ್ಲ.

ಇದನ್ನು ಬರೆದು ಎದ್ದುಹೋಗಿ ಚಹಾ ಕಾಯಿಸಿಕೊಂಡು ಬಂದೆ. ಒಂದು ಕಾಲದಲ್ಲಿ ಈ 'ಇಲ್ಲ' ನನ್ನ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಅದು ಹೇಗೆ ಹೋಗಿತ್ತು, ಹೇಗೆ ವಾಪಸು ಬಂತು ಎಂದು ಹೇಳುತ್ತೇನೆ. ಉಪದೇಶ ಅಂದುಕೊಳ್ಳಬೇಡ, ಅಕ್ಕನ ಹರಟೆ ಅಂದುಕೊಂಡು ಓದು.

ನೀನು ಮದುವೆಯಾಗಿ ಗುಡಾರಕ್ಕೆ ಸೇರಿದವಳು. ನಾನು ಮೊದಲಿನಿಂದ ಇದ್ದವಳು, ಬ್ಲಾಂಟೈರಿನ ಎನ್ಡಿರಾಂಡೆಯ ಇಟ್ಟಿಗೆ ಗೂಡುಗಳ ಹಿಂದೆ ಅದು ನಿಜಕ್ಕೂ ಹರಿದ ಗುಡಾರವೇ ಆಗಿದ್ದಾಗಿನಿಂದ. ಆಗ ನಾವೂ ಎಲ್ಲರ ಹಾಗೆ ಆಮೆನ್ ಎನ್ನುತ್ತಿದ್ದೆವು. ಒಂದು ಭಾನುವಾರ ಪಪ್ಪಾ ಅದನ್ನು ನಿಲ್ಲಿಸಿದ. "ಆಮೆನ್ ಅಂದ್ರೆ ಆಗಲಿ ಅಂತ. ಆಗಲಿ ಅಂದ್ರೆ ಇನ್ನೂ ಆಗಿಲ್ಲ ಅಂತ. ದೇವರು ಕೈಗೆ ಕೊಡೋವಾಗ ಆಗಲಿ, ನೋಡೋಣ ಅಂತ ಯಾರಾದ್ರೂ ಅಂತಾರೇನ್ರಪ್ಪ? ಪಡ್ಕೊಳ್ಳಿ. ಬಾಯ್ತುಂಬ ಹೇಳಿ, ಪಡೆದುಕೊಂಡೆ ಅಂತ." ಅಲ್ಲಿಂದ ಅದೇ ಆಯಿತು. ಅವನು ಏನು ನುಡಿದರೂ ನಾವು 'ಪಡೆದುಕೊಂಡೆ'. ಅಭ್ಯಾಸ ಮಾಡಿಸಿದರು. ಸೇವಕರು ಸಾಲುಗಳ ನಡುವೆ ಓಡಾಡುತ್ತಾ, ಯಾರ ಬಾಯಿ ತಡವಾಗುತ್ತದೋ ಅವರ ಭುಜ ಮುಟ್ಟಿ ಎಬ್ಬಿಸಿ ನಿಲ್ಲಿಸುತ್ತಿದ್ದರು. "ಬಾಯಿ ಮೊದಲು, ಬುದ್ಧಿ ಆಮೇಲೆ. ಸೈತಾನ ಕೂತಿರೋದೇ ಬುದ್ಧಿ ಬಾಗಿಲಲ್ಲಿ" ಎನ್ನುತ್ತಿದ್ದ ಪಪ್ಪಾ.

ನಾನು ಹಾಡುವವರ ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದೆ. ನನ್ನಷ್ಟು ಚುರುಕು ಯಾರೂ ಇರಲಿಲ್ಲ. ಅವನ ವಾಕ್ಯದ ಬಾಲ ಹೊರಬರುವ ಮುಂಚೆಯೇ ನನ್ನದು ಮುಗಿದಿರುತ್ತಿತ್ತು. "ಎಸ್ನಾತಮ್ಮನ್ನ ನೋಡಿ ಕಲೀರಿ. ನಾನು ಕೊಡೋಕೆ ಮುಂಚೇನೇ ಬುಟ್ಟಿ ಹಿಡ್ಕೊಂಡಿರ್ತಾಳೆ" ಎಂದು ಒಮ್ಮೆ ಎಲ್ಲರೆದುರು ಹೊಗಳಿದ. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಸುಳ್ಳೇಕೆ ಹೇಳಲಿ, ಆ ದಿನಗಳು ಚೆನ್ನಾಗಿದ್ದವು. ಗಂಡ ಗಡಿಯಾಚೆ ಜೋನಿ ಪಟ್ಟಣಕ್ಕೆ ಕೆಲಸಕ್ಕೆ ಹೋದವನು ಸುದ್ದಿಯೇ ಇಲ್ಲದೆ ಕರಗಿಹೋಗಿದ್ದ. ಅಮ್ಮ ತೀರಿಹೋದಾಗ ಕಟ್ಟಿಗೆ ತಂದವರು, ನೀರು ಹೊತ್ತವರು, ದೊಡ್ಡ ಹಂಡೆಯಲ್ಲಿ ಮುದ್ದೆ ತಿರುವಿದವರು ಗುಡಾರದವರೇ. ನನ್ನ ಹೆಸರು ಹಿಡಿದು ಕರೆಯುವವರು ಅಷ್ಟು ಜನ ಬೇರೆಲ್ಲೂ ಇರಲಿಲ್ಲ. ಹಾಗಾಗಿ ನೀನು ಯಾಕೆ ಅಲ್ಲಿದ್ದೀಯ ಎಂದು ನಾನು ಕೇಳುವುದಿಲ್ಲ.

ಬುಟ್ಟಿ ಹಿಡಿದವಳಿಗೆ ಅದರಲ್ಲಿ ಏನು ಬೀಳುತ್ತಿದೆ ಎಂದು ನೋಡುವ ಪುರಸೊತ್ತಿರಲಿಲ್ಲ. ಜೊಂಬಾದ ಅಜ್ಜಿಯ ಮನೆಯಲ್ಲಿ ಕತ್ತಲೆ ಇದೆ, ಅಲ್ಲಿಗೆ ಹೋಗಬೇಡ ಎಂದ. ಪಡೆದುಕೊಂಡೆ. ನನ್ನನ್ನು ಕೇಳದೆ ಯಾವ ತೀರ್ಮಾನವನ್ನೂ ಮಾಡಬೇಡ ಎಂದ. ಪಡೆದುಕೊಂಡೆ. ಸೋಪು ಬದಲಾಯಿಸುವುದಕ್ಕೂ ಅವನ ಮನೆ ಬಾಗಿಲಲ್ಲಿ ಮಂಡಿಯೂರಿ ಕೇಳಿದ ಹೆಂಗಸರನ್ನು ನೋಡಿದ್ದೇನೆ. ನಿನ್ನ ಗಂಡ ಹಿಂತಿರುಗುವುದಿಲ್ಲ, ಕಾಯಬೇಡ ಎಂದ. ಅದನ್ನೂ ಪಡೆದುಕೊಂಡೆ. ಅವನು ಬರಲಿಲ್ಲ ಎನ್ನುವುದು ನಿಜ, ಆದರೆ ಅವನನ್ನು ಬಲ್ಲ ಯಾರು ಬೇಕಾದರೂ ಆ ಭವಿಷ್ಯ ಹೇಳಬಹುದಿತ್ತು.

ಇದೆಲ್ಲ ತಪ್ಪೆಂದು ಯಾವ ದೆವ್ವ ನಿನ್ನ ಕಿವಿಯಲ್ಲಿ ಊದಿತು ಎಂದು ಕೇಳಿದ್ದೀಯಲ್ಲ. ದೆವ್ವ ಅಲ್ಲ ಮಾರಾಯ್ತಿ, ಪಾಯಿಖಾನೆ.

ಮಯಾಮಿಕೊ ಹೋದ ಮೇಲಿನ ಚಳಿಗಾಲ ಅದು. ನನಗೆ ಶೀತವಾಗಿ ಗಂಟಲು ಪೂರ್ತಿ ಕಟ್ಟಿತ್ತು, ಸ್ವರವೇ ಹೊರಡುತ್ತಿರಲಿಲ್ಲ. ಆದರೂ ಹೋಗಿ ನನ್ನ ಜಾಗದಲ್ಲಿ ನಿಂತಿದ್ದೆ. ಡೋಲು ಜೋರಾಗಿತ್ತು, ಜನ ಕೈ ಎತ್ತಿದ್ದರು, ಪಪ್ಪಾ ಮೈಕು ಹಿಡಿದು ಆ ಕಡೆಯಿಂದ ಈ ಕಡೆಗೆ ಓಡುತ್ತಾ ನುಡಿಯುತ್ತಿದ್ದ. ಯಾರೋ ಸೇವಕ ಬಂದು ಕಿವಿಯಲ್ಲಿ ಏನೋ ಹೇಳಿದ. ಪಪ್ಪಾ ಅದೇ ಏರುದನಿಯಲ್ಲಿ, ನಿಲ್ಲಿಸದೆ ಹೇಳಿದ: "ಹೆಂಗಸರ ಕಡೆ ಪಾಯಿಖಾನೆ ಕಟ್ಕೊಂಡಿದೆ."

"ಪಡೆದುಕೊಂಡೆ" ಎಂದಿತು ಗುಡಾರ.

"ಯಾರೂ ಆ ಕಡೆ ಹೋಗ್ಬೇಡಿ."

"ಪಡೆದುಕೊಂಡೆ."

"ಮುಗಿಯೋವರೆಗೂ ತಡ್ಕೊಳ್ಳಿ."

"ಪಡೆದುಕೊಂಡೆ."

ನನ್ನ ಪಕ್ಕದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಓದಿದವಳು, ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೆ ಹಿಡಿಯುವವಳು. ಅವಳು ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಕೆನ್ನೆ ಮೇಲೆ ನೀರಿಳಿಸುತ್ತಾ, ಕಟ್ಟಿಕೊಂಡ ಪಾಯಿಖಾನೆಯನ್ನು ಪಡೆದುಕೊಳ್ಳುತ್ತಿದ್ದಳು. ನನ್ನ ಬಾಯಿಯೂ ತೆರೆದೇ ಇತ್ತು. ಸ್ವರ ಬರಲಿಲ್ಲ ಅಷ್ಟೆ. ಸ್ವರ ಬಾರದ್ದರಿಂದ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅಲ್ಲಿ ಹೇಳುತ್ತಿರುವುದು ಏನು ಎಂದು ನನ್ನ ಕಿವಿಗೆ ಬಿತ್ತು. ಇಲ್ಲಿ ಯಾರೂ ಏನನ್ನೂ ಕೇಳಿಸಿಕೊಳ್ಳುತ್ತಿಲ್ಲ, ನಾನೂ ಇಷ್ಟು ದಿನ ಕೇಳಿಸಿಕೊಂಡಿಲ್ಲ ಎನ್ನುವುದು ತಿಳಿಯಿತು. ಮೊದಲು ನಗು ಬಂತು, ತಡೆಯಲಾಗದಂಥ ನಗು. ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ.

ಪಪ್ಪಾ ಡೋಲು ನಿಲ್ಲಿಸಿದ. ನನ್ನನ್ನು ಮುಂದೆ ಕರೆದ. "ಯಾಕಮ್ಮ ನಕ್ಕಿದ್ದು?"

"ಪಾಯಿಖಾನೆ ಪಪ್ಪಾ" ಎಂದೆ, ಉಸಿರಲ್ಲೇ. ಬೇರೆ ಏನು ಹೇಳಲಿ.

ಹಿಂದೆ ಯಾರೋ ಇಬ್ಬರು ಕಿಸಕ್ಕೆಂದು ತಕ್ಷಣ ಬಾಯಿ ಮುಚ್ಚಿಕೊಂಡರು. ಇವಳೊಳಗೆ ಅಪಹಾಸ್ಯದ ಆತ್ಮ ಹೊಕ್ಕಿದೆ, ಅದು ಇಳಿಯುವವರೆಗೆ ಯಾರೂ ಇವಳಿಗೆ ನಮಸ್ಕಾರ ಹೇಳಕೂಡದು ಎಂದ ಪಪ್ಪಾ. ಎಲ್ಲರೂ ಪಡೆದುಕೊಂಡರು. ಕಳ್ಳನನ್ನೂ ಮೊದಲು ಹೇಗಿದ್ದೀಯಪ್ಪ ಎಂದು ಕೇಳಿ ಆಮೇಲೆ ಹೊಡೆಯುವ ಜನ ನಾವು. ನಮ್ಮಲ್ಲಿ ಹೇಗಿದ್ದೀಯ ಎಂದು ಯಾರೂ ಕೇಳದೆ ಹೋದರೆ ಬದುಕಿರುವ ಬಗ್ಗೆಯೇ ಅನುಮಾನ ಬರುತ್ತದೆ. ಬ್ಯಾಂಕಿನ ಹೆಂಗಸು ಪ್ರತಿ ದಿನ ನನ್ನ ಮನೆ ಮುಂದೆಯೇ ಹೋಗುತ್ತಿದ್ದಳು, ತಲೆ ತಗ್ಗಿಸಿಕೊಂಡು. ನಲ್ಲಿಯ ಹತ್ತಿರ ನನ್ನ ಬಕೆಟ್ಟು ಬಂದರೆ ಮಾತು ನಿಲ್ಲುತ್ತಿತ್ತು. ಆದರೂ ನಾನು ಭಾನುವಾರ ಭಾನುವಾರ ಹೋಗಿ ಹಿಂದಿನ ಚಾಪೆಯಲ್ಲಿ ಕೂತು ಬರುತ್ತಿದ್ದೆ. ಯಾಕೆ ಹೋಗುತ್ತಿದ್ದೆ ಎಂದು ಕೇಳಬೇಡ. ಹೋಗಲು ಬೇರೆ ಜಾಗ ಗೊತ್ತಿರಲಿಲ್ಲ.

ಬಿಟ್ಟು ಬಂದದ್ದು ಏನೋ ಧೈರ್ಯದಿಂದ ಎಂದುಕೊಳ್ಳಬೇಡ. ಆ ಭಾನುವಾರವೂ ಗುಡಾರಕ್ಕೆಂದೇ ಹೊರಟಿದ್ದೆ. ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ ಜೊಂಬಾ ಜೊಂಬಾ ಎಂದು ಕೂಗುತ್ತಿದ್ದ. "ಹತ್ತಿ ಅಮ್ಮಾ, ಒಂದೇ ಸೀಟು ಇರೋದು, ನಿಮಗೇ ಇಟ್ಟಿದೀನಿ" ಎಂದ. ನಾನು 'ಪಡೆದುಕೊಂಡೆ' ಎಂದು ಹತ್ತಿ ಕೂತೆ. ಚೀಲದಲ್ಲಿ ಬೈಬಲ್ಲು ಬಿಟ್ಟರೆ ಏನೂ ಇರಲಿಲ್ಲ.

ಅಜ್ಜಿ ಬಾಗಿಲಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಅಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. "ಬಂದ್ಯಾ? ಕೂತ್ಕೋ, ಸುಲಿ" ಎಂದಳು. "ಪಡೆದುಕೊಂಡೆ" ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ ಮೊರವನ್ನು ನನ್ನ ಕಡೆ ತಳ್ಳಿದಳು.

ಗುಡಾರ ಬಿಟ್ಟರೂ ಆ ಮಾತು ನನ್ನ ನಾಲಿಗೆ ಬಿಡಲಿಲ್ಲ. ಸಂತೆಯಲ್ಲಿ ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಮೇಷ್ಟ್ರು ಒಂದೊಳ್ಳೆಯ ಉಣ್ಣೆ ಕೋಟನ್ನು ಎತ್ತಿ, ನಾನು ಹೇಳಿದ್ದರ ಕಾಲು ಭಾಗ ಕೊಡುತ್ತೇನೆಂದ. "ಪಡೆದುಕೊಂಡೆ" ಎಂದುಬಿಟ್ಟೆ. ಅವನಿಗೇ ಗಾಬರಿಯಾಗಿ ಕೋಟಿನಲ್ಲಿ ತೂತಿದೆಯೇನೋ ಎಂದು ತಿರುಗಿಸಿ ತಿರುಗಿಸಿ ನೋಡಿದ. ಆಸ್ಪತ್ರೆಯಲ್ಲಿ ಡಾಕ್ಟರು "ಉಪ್ಪು ಕಡಿಮೆ ಮಾಡಿ" ಎಂದರೂ ಅದೇ. ಒಬ್ಬ ಕುಡುಕ ದಾರಿಯಲ್ಲಿ ಬೈದದ್ದಕ್ಕೂ ಅದೇ. ಅಜ್ಜಿ ಕೆಲವು ದಿನ ನೋಡಿದಳು. "ಏನೇ ಇದು, ನೀನೇನು ಪೋಸ್ಟಾಫೀಸಾ? ಯಾರು ಏನು ತಂದು ಹಾಕಿದ್ರೂ ಪಡೆದುಕೊಂಡೆ, ಪಡೆದುಕೊಂಡೆ" ಎಂದಳು.

ಅಂದೇ ಸಂಜೆ ಅವಳ ಮದ್ದು ಶುರುವಾಯಿತು. ತಟ್ಟೆಯಲ್ಲಿ ಮುದ್ದೆ, ಕುಂಬಳ ಸೊಪ್ಪು, ಹುರಿದ ಸಣ್ಣ ಮೀನು ಹಾಕಿ ಮುಂದೆ ಹಿಡಿದಳು. "ಊಟ ಮಾಡ್ತೀಯಾ?"

"ಪಡೆದುಕೊಂಡೆ ಅಜ್ಜಿ."

ತಟ್ಟೆ ಹಿಂದಕ್ಕೆ ಹೋಯಿತು. ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. "ಬೇಡ ಅನ್ನು, ಕೊಡ್ತೀನಿ."

ಹಿರಿಯರು ಕೈಯಾರೆ ಕೊಟ್ಟ ಊಟವನ್ನು ಬೇಡ ಎಂದಿದ್ದರೆ ಅಮ್ಮ ನಮ್ಮ ಬೆನ್ನಿನ ಮೇಲೆ ಸೌಟು ಮುರಿಯುತ್ತಿದ್ದಳು, ನೆನಪಿದೆಯಲ್ಲ. ನನ್ನಿಂದ ಆಗಲಿಲ್ಲ. ಬರೀ ಚಹಾ ಕುಡಿದು ಮಲಗಿದೆ. ಮಾರನೆಯ ದಿನವೂ ಅದೇ ತಟ್ಟೆ, ಅದೇ ಪ್ರಶ್ನೆ. ಹಸಿವು ತಾಳಲಾಗಲಿಲ್ಲ.

"ಬೇಡ" ಎಂದೆ, ನೆಲ ನೋಡುತ್ತಾ.

"ಕಿವಿ ಮಂದ ನನಗೆ. ಏನಂದೆ?"

"ಬೇಡ ಅಜ್ಜಿ."

"ಯಾಕೆ ಬೇಡ?"

"ಹಸಿವಿಲ್ಲ" ಎಂದೆ. ಕಣ್ಣು ಮೀನಿನ ಮೇಲೆಯೇ ಇತ್ತು.

"ಸುಳ್ಳು ಸೇರಿಸ್ಬೇಡ. ಬೇಡ ಅಂದ್ರೆ ಬೇಡ. ಅದಕ್ಕೆ ಕಾರಣ ಕೊಡ್ಬೇಕು ಅಂತ ಎಲ್ಲೂ ಇಲ್ಲ." ತಟ್ಟೆ ನನ್ನ ಮಡಿಲಲ್ಲಿಟ್ಟಳು. ಮೀನು ಎರಡರಷ್ಟಿತ್ತು. ನಾನು ಅಳುತ್ತಾ ಉಂಡೆ, ಅವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಳು. ಆಮೇಲೆ ನನಗೆ ಅದರ ರುಚಿ ಹತ್ತಿತು. ನೀರು ತಾ ಎಂದರೆ ಬೇಡ, ಗುಡಿಸು ಎಂದರೆ ಬೇಡ. "ಇದು ಬೇರೆ ಶುರುವಾಯ್ತಾ? ವಾಸಿಯಾಗಿದ್ದು ಸಾಕು, ಪೊರಕೆ ತಗೋ" ಎಂದು ಅವಳೇ ನಿಲ್ಲಿಸಬೇಕಾಯಿತು.

ಅಜ್ಜಿಯ ಪ್ರೆಸ್ಬಿಟೇರಿಯನ್ ಸಭೆಯ ಪಾಲಕರು ಚಿಪೆಟಾ ಎಂದು. ಅವರ ಪ್ರಸಂಗ ನಿದ್ದೆಗೆ ಬಹಳ ಒಳ್ಳೆಯದೆಂದು ಅಜ್ಜಿಯೇ ಹೇಳುತ್ತಾಳೆ. ಅವಳ ಮಂಡಿ ವಿಚಾರಿಸಲು ಮನೆಗೆ ಬಂದರು. ಹೊರಡುವ ಮುಂಚೆ ನನ್ನ ಕಡೆ ತಿರುಗಿ, "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ, ಬೇಡ್ವಾ?" ಎಂದು ಕೇಳಿದರು. ನಾನು ತಲೆಯ ಮೇಲೆ ಕೈ ಬೀಳುತ್ತದೆಂದು ಕತ್ತು ಬಿಗಿಹಿಡಿದು ಕಾದೆ. ಅವರ ಕೈ ಅವರ ತೊಡೆಯ ಮೇಲೇ ಇತ್ತು. ಅವರು ನಿಜಕ್ಕೂ ಉತ್ತರಕ್ಕೆ ಕಾಯುತ್ತಿದ್ದರು.

"ಬೇಡ" ಎಂದೆ.

"ಆಯ್ತು" ಎಂದರು. ಅಜ್ಜಿಯ ಟೊಮೇಟೊ ಗಿಡಕ್ಕೆ ಹುಳ ಬಿದ್ದಿದೆಯಾ ಎಂದು ಕೇಳಿ, ಚಹಾ ಮುಗಿಸಿ, ಸೈಕಲ್ ಹತ್ತಿ ಹೋದರು.

ನನಗೆ ಕೆಟ್ಟ ಕೋಪ ಬಂತು. ಇವರೆಂಥ ಪಾಲಕರು, ಬೇಡ ಎಂದರೆ ಹೊರಟೇ ಹೋಗುತ್ತಾರಲ್ಲ ಎನ್ನಿಸಿತು. ಒಲೆ ಮುಂದೆ ಕೂತು ಆ ಕೋಪವನ್ನು ತಿರುಗಿಸಿ ಮುರುಗಿಸಿ ನೋಡಿದ ಮೇಲೆ ಗೊತ್ತಾಯಿತು, ಅಷ್ಟು ವರ್ಷಗಳಲ್ಲಿ ದೇವರ ಹೆಸರು ಹೇಳುವ ಒಬ್ಬ ಮನುಷ್ಯನೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಅವರು ಆಗಾಗ ಬರುತ್ತಲೇ ಇದ್ದರು, ಕೇಳುತ್ತಲೇ ಇದ್ದರು, ನಾನು ಬೇಡ ಎನ್ನುತ್ತಲೇ ಇದ್ದೆ. ಒಮ್ಮೆ, "ನಿಮಗೆ ಬೇಜಾರಾಗಲ್ವಾ?" ಎಂದೆ. "ಆಗುತ್ತೆ. ಆದ್ರೆ ಬೇಡ ಅನ್ನೋರ ತಲೆ ಮೇಲೆ ಕೈ ಇಟ್ರೆ ಅದನ್ನ ಪ್ರಾರ್ಥನೆ ಅನ್ನಕ್ಕಾಗಲ್ಲಮ್ಮ" ಎಂದು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು. ಈ ಸಲ ಈಸ್ಟರ್ ಕಳೆದ ಮೇಲೆ ಮೊದಲ ಬಾರಿ 'ಮಾಡಿ' ಎಂದೆ. ಸಣ್ಣ ಪ್ರಾರ್ಥನೆ. ಮಳೆ, ಅಜ್ಜಿಯ ಮಂಡಿ, ನನ್ನ ನಿದ್ದೆ, ಇಷ್ಟೇ ಇತ್ತು ಅದರಲ್ಲಿ. ಕೊನೆಗೆ ಅವರು ಆಮೆನ್ ಎಂದರು, ಅಜ್ಜಿ ಎಂದಳು. ನಾನು ಏನೂ ಹೇಳಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಈಗ ಭಾನುವಾರ ಅವಳ ಜೊತೆ ಹೋಗಿ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತೇನೆ. ಎದ್ದು ಹೋಗಬೇಕೆನ್ನಿಸಿದರೆ ಎದ್ದು ಹೋಗುತ್ತೇನೆ.

ಪಪ್ಪಾ ನನ್ನನ್ನು ಮರೆತಿಲ್ಲ. ಹೋದ ತಿಂಗಳು ನೇರಳೆ ತಲೆವಸ್ತ್ರದ ಇಬ್ಬರು ಹೆಂಗಸರು ಬ್ಲಾಂಟೈರಿನಿಂದ ನನ್ನ ಅಂಗಡಿಗೇ ಬಂದರು.

"ಪಪ್ಪಾ ಈಗ್ಲೂ ನಿಮ್ಮನ್ನ ಮಗಳು ಅಂತಾನೇ ಕರೀತಾರೆ" ಎಂದಳು ಹಿರಿಯವಳು.

"ನಮ್ಮಪ್ಪ ಡೊಮಾಸಿಯಲ್ಲಿ ಮಣ್ಣಾಗಿದಾನೆ. ಅವನು ನನ್ನ ಕತ್ತೆ ಅಂತಿದ್ದ. ಚೆನ್ನಾಗೇ ಇತ್ತು" ಎಂದೆ.

"ಹೊರಗಿರೋಳ ಕೈ ಹಿಡಿದ ಕೆಲಸ ಒಣಗಿ ಹೋಗುತ್ತೆ ಅಂತ ಹೇಳಿಕಳ್ಸಿದಾರೆ."

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಾ ಕಾದರು. ನಿಜ ಹೇಳುತ್ತೇನೆ, ಮಾತು ಹಲ್ಲಿನ ತನಕ ಬಂದಿತ್ತು. "ಬೇಡಮ್ಮ, ಅದನ್ನ ವಾಪಸು ತಗೊಂಡ್ಹೋಗಿ" ಎಂದೆ. ಅದಕ್ಕೆ ಏನೆನ್ನಬೇಕೆಂದು ಪಪ್ಪಾ ಹೇಳಿಕಳಿಸಿರಲಿಲ್ಲ ಅಂತ ಕಾಣುತ್ತದೆ. ಕಿರಿಯವಳ ಕಣ್ಣು ಒಂದು ನೀಲಿ ಸ್ವೆಟರಿನ ಮೇಲೆ ಬಿತ್ತು. "ಇದಕ್ಕೆಷ್ಟು?" ಎಂದಳು ಮೆಲ್ಲಗೆ. ಅರ್ಧ ಗಂಟೆ ಚೌಕಾಸಿ ಮಾಡಿ ಕೊಂಡುಹೋದಳು. ಹೋಗುವಾಗ "ಹುಷಾರಾಗಿರಿ ಅಕ್ಕಾ" ಎಂದಳು, ಹಿರಿಯವಳಿಗೆ ಕೇಳಿಸದ ಹಾಗೆ.

ಫಲೆಸಿ, ಗುಡಾರ ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾನು ನಿನಗೆ ಇನ್ನೊಬ್ಬ ಪಪ್ಪಾ ಆಗುತ್ತೇನೆ. ನಿನ್ನ ಗಂಡ, ನಿನ್ನ ಮನೆ, ನಿನ್ನ ತಲೆ. ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೆ: ನಾನು ವೇದಿಕೆ ಹತ್ತುವುದಿಲ್ಲ. ಇದರಿಂದ ನಿನಗೆ ಅಲ್ಲಿ ತಲೆತಗ್ಗಿಸುವ ಹಾಗೆ ಆಗುತ್ತದೆ, ವೈಸನ್‌ನ ಅಕ್ಕಂದಿರು ಆಡಿಕೊಳ್ಳುತ್ತಾರೆ. ಅದಕ್ಕೆ ನನಗೆ ದುಃಖವಿದೆ. ಅವರನ್ನು ನೀನು ಗಂಜಿ ಕೊಟ್ಟು ಸಮಾಧಾನ ಮಾಡಬಲ್ಲೆ.

ಮಗುವನ್ನು ತೂಕ ಹಾಕುವ ದಿನ ತಪ್ಪಿಸಬೇಡ, ಸೂಜಿ ಹಾಕಿಸು, ಸೊಳ್ಳೆಪರದೆಯ ತೂತಿಗೆ ಹೊಲಿಗೆ ಹಾಕು. ಮೂಟೆಯಲ್ಲಿ ಸಿಕ್ಕ ಒಂದು ಹಳದಿ ಹೊದಿಕೆ ಕಳಿಸಿದ್ದೇನೆ, ಮೂರು ಸಲ ಬಿಸಿನೀರಿನಲ್ಲಿ ಒಗೆದಿದ್ದೇನೆ. ನಿನ್ನ ಮಗಳು ಗಟ್ಟಿಯಾಗಿ ಅಳುವವಳಾಗಲಿ, ಗಟ್ಟಿಯಾಗಿ ನಗುವವಳಾಗಲಿ. ನಿನ್ನ ಮೈಗೆ ಬಲ ಬರಲಿ. ದೇವರು ನಿಮ್ಮಿಬ್ಬರನ್ನೂ ನೋಡಿಕೊಳ್ಳಲಿ, ಸದ್ದಿಲ್ಲದೆ.

ನಿನ್ನ ಅಕ್ಕ,
ಎಸ್ನಾತ್

ತಾ.ಕ.: ಕಾಗದ ಮಡಿಸಿ ಉಲೇಮು ಕೈಗೆ ಕೊಟ್ಟವಳು, ಅವನು ಮೀನಿನ ಬುಟ್ಟಿಯನ್ನು ಬಸ್ ನಿಲ್ದಾಣಕ್ಕೆ ಒಯ್ಯಲು ಸೈಕಲ್ ಕ್ಯಾರಿಯರಿಗೆ ಕಟ್ಟುತ್ತಿದ್ದಾಗ ವಾಪಸು ಇಸಿದುಕೊಂಡೆ. ಅವನು ಹೊರಗೆ ಗೊಣಗುತ್ತಾ ನಿಂತಿದ್ದಾನೆ. ಮಯಾಮಿಕೊ ಮಾತು ಬೇಡ ಎಂದಿದ್ದೆ. ಅದನ್ನು ಹೇಳದಿದ್ದರೆ ನಿನಗೆ ಏನನ್ನೂ ಹೇಳಿದ ಹಾಗಾಗುವುದಿಲ್ಲ.

ಅವನಿಗೆ ಜ್ವರ ಬಂದಾಗ ಮೊದಲು ಆಸ್ಪತ್ರೆಗೇ ಕರೆದುಕೊಂಡು ಹೋಗಿದ್ದೆ. ಔಷಧ ಕೊಟ್ಟರು. ಭಾನುವಾರ ಸ್ವಲ್ಪ ಇಳಿದ ಹಾಗಿತ್ತು, ಅದಕ್ಕೇ ಗುಡಾರಕ್ಕೆ ಎತ್ತಿಕೊಂಡು ಹೋದೆ. ಪಪ್ಪಾ ನನ್ನನ್ನು ವೇದಿಕೆಗೆ ಕರೆದ. ಅಮ್ಮ ಇರಲಿಲ್ಲ, ನೀನು ದೂರ ಇದ್ದೆ. ಹಾಗಾಗಿ ನನ್ನ ಮಗುವಿನ ಬಾಯಿ ನಾನೇ ಆದೆ. ಡೋಲು ಬಡಿಯುತ್ತಿತ್ತು. ಅವನು ಮಗುವಿನ ಎದೆಯ ಮೇಲೆ ಕೈಯಿಟ್ಟು, "ಈ ಮಗು ಇರೋಕೆ ಬಂದಿಲ್ಲ. ಒಡೆಯ ವಾಪಸು ಕರೀತಿದಾನೆ" ಎಂದ. ನಾನು 'ಪಡೆದುಕೊಂಡೆ' ಎಂದೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ. ಏನು ಪಡೆದುಕೊಂಡೆ ಎಂದು ತಿಳಿಯುವಷ್ಟರಲ್ಲಿ ಡೋಲು ಮತ್ತೆ ಶುರುವಾಗಿತ್ತು. ಮಯಾಮಿಕೊ ನನ್ನ ಕಿವಿಯೋಲೆ ಹಿಡಿದುಕೊಂಡು ದೀಪ ನೋಡುತ್ತಿದ್ದ.

ಎರಡು ದಿನದಲ್ಲಿ ಆಸ್ಪತ್ರೆಯಲ್ಲಿ ಹೋದ. ಮಲೇರಿಯಾ ಮೆದುಳಿಗೆ ಏರಿತ್ತು, ನೀವು ತಡ ಮಾಡಿಲ್ಲ ಎಂದು ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಪಪ್ಪಾನ ಹತ್ತಿರ ಹೋಗಿ ಅತ್ತೆ. ಅವನು, "ನಾನು ನುಡಿದೆ ಅಷ್ಟೆ. ಪಡ್ಕೊಂಡಿದ್ದು ನಿನ್ನ ಬಾಯಿ. ಅಲ್ಲಿದ್ದೋರೆಲ್ಲ ಕೇಳಿದಾರೆ" ಎಂದ. ಅದಾದ ಮೇಲೂ ನಾನು ಚಳಿಗಾಲದವರೆಗೆ ಆ ಸಾಲಿನಲ್ಲಿ ನಿಂತು ಹಾಡಿದೆ.

ಒಂದು ಮಾತಿನಿಂದ ಮಗು ಸಾಯುವುದಿಲ್ಲ. ಡಾಕ್ಟರು ಹೇಳಿದ್ದಾರೆ, ಚಿಪೆಟಾ ಹೇಳಿದ್ದಾರೆ, ಅಜ್ಜಿ ದಿನಾ ಬೈದು ಹೇಳುತ್ತಾಳೆ. ಹಗಲು ಹೊತ್ತು ನಾನೂ ನಂಬುತ್ತೇನೆ. ಆದರೂ ಅಂದಿನಿಂದ ಯಾವ ಮಗುವನ್ನೂ ಎತ್ತಿಕೊಂಡಿಲ್ಲ. ಯಾರಾದರೂ ಕೈಗೆ ಕೊಡಲು ಬಂದರೆ ಬಟ್ಟೆ ಮಡಿಸುತ್ತಾ ನಿಂತುಬಿಡುತ್ತೇನೆ.

ನಿನ್ನ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಾ, ಫಲೆಸಿ. ಆ ಭಾನುವಾರಕ್ಕೆ ಮುಂಚೆ ಬಾ. ಎತ್ತಿಕೊಳ್ಳುತ್ತೇನೆ.